ಹನ್ನೆರಡು ವೋಲ್ಟ್ ಕೇಳುವ ಚಿಪ್

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ, ನಮ್ಮೂರು ಸಾಸಲಿನಿಂದ ದಿನವೂ ಬಸ್ಸಿನಲ್ಲಿ ನಿಂತು ಹೋಗಿ ಓದಿ ಪಡೆದದ್ದು. ಆದರೆ ಡಿಗ್ರಿಯ ಜೊತೆಗೆ ಒಂದು ಹೆದರಿಕೆಯೂ ಬಂತು. ಇನ್ನು ತಪ್ಪಾದರೆ ಗೊತ್ತಿರಲಿಲ್ಲ ಅನ್ನುವಂತಿಲ್ಲ.

ಹೊಸಕೋಟೆಯಲ್ಲಿ ನಾನು ಕೆಲಸ ಮಾಡುವ ಸಣ್ಣ ಕಂಪನಿ, ಹಳ್ಳಿಯ ಡೈರಿಗಳಲ್ಲಿ ಹಾಲಿನ ಫ್ಯಾಟ್ ನೋಡುವ ಯಂತ್ರ ತಯಾರಿಸುತ್ತದೆ. ಹಳೆಯ ಯಂತ್ರದ ದುಂಡು ಪಿನ್ನಿನ ಅಡಾಪ್ಟರ್ ಸುಟ್ಟುಹೋದರೆ ಊರಿನಲ್ಲಿ ಇನ್ನೊಂದು ಸಿಗುವುದಿಲ್ಲ. ಅದಕ್ಕೇ ಹೊಸ ಯಂತ್ರಕ್ಕೆ ಮೊಬೈಲಿನ ಹಾಗೆ ಟೈಪ್-ಸಿ ಇಡೋಣ ಅಂದರು ನಮ್ಮ ಸಾರ್. ಅದರ ಪವರ್ ಡೆಲಿವರಿ ಚಿಪ್ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಇಷ್ಟು ವೋಲ್ಟ್ ಕೊಡು ಎಂದು ಚಾರ್ಜರನ್ನು ಕೇಳುವುದು ಈ ಚಿಪ್. ಕೇಳದಿದ್ದರೆ ಚಾರ್ಜರ್ ಐದು ಕೊಟ್ಟು ಸುಮ್ಮನಾಗುತ್ತದೆ. ಯಂತ್ರಕ್ಕೆ ಬೇಕಾದದ್ದು ಹನ್ನೆರಡು.

ಕೊನೆಗೆ ಎರಡು ಚಿಪ್ ಉಳಿದವು. ಒಂದು ಸರಳ, ಹನ್ನೆರಡನ್ನೇ ಕೇಳುತ್ತದೆ. ಇನ್ನೊಂದು ಚಾರ್ಜರಿನಲ್ಲಿ ಏನಿದೆಯೋ ನೋಡಿ ಅದರಲ್ಲೇ ಒಂದನ್ನು ಕೇಳುತ್ತದೆ. ಆದರೆ ಅದಕ್ಕೆ ಪ್ರೋಗ್ರಾಂ ನಾನೇ ಬರೆಯಬೇಕು, ಸಿಕ್ಕ ವೋಲ್ಟನ್ನು ಹನ್ನೆರಡಕ್ಕೆ ತರುವ ಸರ್ಕ್ಯೂಟನ್ನೂ ಸೇರಿಸಬೇಕು. ಆಫೀಸಿನ ಚಾರ್ಜರಿನಲ್ಲಿ ಸರಳವಾದದ್ದು ಒಮ್ಮೆಯೂ ಕೈಕೊಟ್ಟಿರಲಿಲ್ಲ.

"ಇವತ್ತು ಹೇಳ್ಬಿಡಮ್ಮ, ಆರ್ಡರ್ ಹಾಕ್ಬೇಕು. ಹಾಕಿದ್ಮೇಲೆ ಚಿಪ್ ಮಾರೋರು ವಾಪಸ್ ತಗೊಳಲ್ಲ," ಅಂದಿದ್ದರು ಸಾರ್.

ಆ ಬೆಳಿಗ್ಗೆ ಸರಳ ಚಿಪ್ ಹಾಕಿದ ಮಾದರಿ ಯಂತ್ರವನ್ನೂ ಆಫೀಸಿನ ಚಾರ್ಜರನ್ನೂ ಹಿಡಿದು ತೂಬಗೆರೆ ಕಡೆಯ ಒಂದು ಡೈರಿಗೆ ಹೋದೆ. ಕ್ಯಾನು ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದರು. ಯಂತ್ರ ಚೆನ್ನಾಗಿಯೇ ನಡೆಯುತ್ತಿತ್ತು. ಕೈ ತೊಳೆದು ಬರುವಷ್ಟರಲ್ಲಿ ಪರದೆ ಆರಿತ್ತು.

"ನಿನ್ ಹಾಲಲ್ಲಿ ನೀರು ನೋಡಿ ಮಿಷನ್ನೇ ಕಣ್ ಮುಚ್ಕಂಡ್ಬುಡ್ತು ಕಣೇ!" ಅಂದಳು ಸಾಲಿನಲ್ಲೊಬ್ಬಳು.

"ನಿನ್ ಹಾಲು ನೋಡಿದಾಗ್ಲೇ ಸುಸ್ತಾಗಿತ್ತು ಬಿಡೇ ಅದು."

ಸಾಲೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ವೈರ್ ಹಿಡಿದು ನೋಡಿದರೆ ಅದರ ತುದಿಯಲ್ಲಿದ್ದದ್ದು ನಮ್ಮ ಚಾರ್ಜರ್ ಅಲ್ಲ.

"ನಿಮ್ದು ಸಖತ್ ಫಾಸ್ಟ್ ಐತೆ ಕಣಮ್ಮ," ಅಂದರು ಡೈರಿ ಸೆಕ್ರೆಟರಿ, "ನನ್ ಫೋನ್‌ಗೆ ಹಾಕ್ಕಂಡೆ. ನಂದು ಮಿಷನ್‌ಗೆ ಚುಚ್ಚಿದೀನಿ. ಪಿನ್ನು ಒಂದೇ ಅಲ್ವಾ?"

ಅವರ ಚಾರ್ಜರ್ ತಿರುಗಿಸಿ ಸಣ್ಣ ಅಕ್ಷರ ಓದಿದೆ. ಐದು ಇತ್ತು, ಒಂಬತ್ತು ಇತ್ತು, ಹನ್ನೆರಡು ಇರಲಿಲ್ಲ. ನಮ್ಮದನ್ನು ಮತ್ತೆ ಹಾಕಿದೆ, ಯಂತ್ರ ಎದ್ದಿತು, ಸಾಲು ಮುಂದೆ ಹೋಯಿತು. ಸೆಕ್ರೆಟರಿ ಮಾಡಿದ್ದರಲ್ಲಿ ತಪ್ಪೇನು? ಮನೆಯಲ್ಲಿ ನಾವೂ ಮಾಡುವುದು ಹಾಗೆಯೇ, ಕೈಗೆ ಸಿಕ್ಕ ಚಾರ್ಜರ್ ಎಲ್ಲರದೂ. ಪ್ರತಿ ಡೈರಿಯಲ್ಲೂ ಇದೇ ಆಗುತ್ತದೆ, ಅಲ್ಲಿ ನಾನು ನಿಂತಿರುವುದಿಲ್ಲ.

ಹೊರಗೆ ಬಂದು ಫೋನ್ ಮಾಡಿದೆ. "ಸಾರ್, ಎರಡನೇ ಚಿಪ್ಪೇ ಹಾಕಿ."

"ಅಂಥ ಪ್ರೋಗ್ರಾಂ ಮುಂಚೆ ಬರ್ದಿದೀಯಾ?"

"ಇಲ್ಲ ಸಾರ್."

"ಹಾಕ್ತೀನಿ. ಆಮೇಲೆ ಆಗಲ್ಲ ಅನ್ಬೇಡ."

"ಅನ್ನಲ್ಲ ಸಾರ್," ಅಂದೆ.

ಹಾಲು ಅಳೆಯುವುದು ಮುಗಿದ ಮೇಲೆ ಸೆಕ್ರೆಟರಿಯವರನ್ನು ಕೇಳಿದೆ, "ಅಣ್ಣಾ, ನಿಮ್ಮ ಚಾರ್ಜರ್ ನಂಗೆ ಕೊಡ್ತೀರಾ? ಟೆಸ್ಟ್ ಮಾಡೋಕೆ ಬೇಕು."

"ನಿಮ್ದು ನಂಗೆ ಬಿಟ್ಟೋಗ್ತೀರೇನಮ್ಮ?"

ಬಿಟ್ಟುಬಂದೆ. ಬಸ್ಸು ದೊಡ್ಡಬಳ್ಳಾಪುರ ದಾಟುವಾಗ ಆರ್ಡರ್ ಹಾಕಿದ ಮೆಸೇಜು ಬಂತು. ಚಿಪ್ಪಿನ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದೆ, ಸರಿಯಾಗಿತ್ತು. ಮತ್ತೆ ಮೊದಲಿನಿಂದ ಓದಿದೆ.