ಸೋಮವಾರ ಮುಗಿಯುವುದು ಯಾವಾಗ

ನಾನು ಸುಲಭಕ್ಕೆ ಸೋಲು ಒಪ್ಪುವವಳಲ್ಲ. ನನ್ನ ಗಂಡ ಇದನ್ನು ದೂರಿನಂತೆ ಹೇಳುತ್ತಾರೆ, ನಾನು ಹೊಗಳಿಕೆಯಂತೆ ಕೇಳಿಸಿಕೊಳ್ಳುತ್ತೇನೆ. ಆದರೆ ಒಂದು ಬೇಸಿಗೆಯಲ್ಲಿ ಒಂದು ಫ್ರೇಮ್‌ವರ್ಕ್ ನನಗೆ ನೀರು ಕುಡಿಸಿಬಿಟ್ಟಿತು.

ಮನೆ ಮದ್ದೂರಿನಲ್ಲಿ, ಕೆಲಸ ಮಂಡ್ಯದಲ್ಲಿ, ದಿನಾ ಓಡಾಟ ರೈಲಿನಲ್ಲಿ. ಆರು ಜನರ ಸಣ್ಣ ಸಾಫ್ಟ್‌ವೇರ್ ಆಫೀಸು ನಮ್ಮದು. ಒಂದು ಬೆಳಿಗ್ಗೆ ಮಾಲೀಕರು ಕಾಫಿ ಕುಡಿಯುತ್ತಾ, ಇನ್ನು ಮುಂದೆ ಎಲ್ಲ ಆಪುಗಳನ್ನೂ ಹೊಸ ಫ್ರೇಮ್‌ವರ್ಕ್‌ನಲ್ಲೇ ಮಾಡಬೇಕು, ಎಲ್ಲರೂ ಕಲಿತುಕೊಳ್ಳಿ ಎಂದರು. ಫ್ರೇಮ್‌ವರ್ಕ್ ಎಂದರೆ ಆಪು ಕಟ್ಟುವವರಿಗೆ ಸಿದ್ಧವಾಗಿ ಸಿಗುವ ಚೌಕಟ್ಟು. ಗೋಡೆ, ಕಿಟಕಿ, ಬಾಗಿಲು ಎಲ್ಲ ಅವರೇ ಕೊಟ್ಟಿರುತ್ತಾರೆ, ನಾವು ಹೋಗಿ ಸಂಸಾರ ಹೂಡಿದರೆ ಸಾಕು ಎನ್ನುವುದು ಮಾತು. ಆ ಬಾಗಿಲು ಒಳಕ್ಕೆ ತೆಗೆಯುತ್ತದೋ ಹೊರಕ್ಕೆ ತೆಗೆಯುತ್ತದೋ ಎನ್ನುವುದನ್ನು ಮಾತ್ರ ನಾವೇ ಹಣೆ ಚಚ್ಚಿಕೊಂಡು ತಿಳಿಯಬೇಕು.

ಕಲಿಯಲು ಒಂದು ನಿಜವಾದ ಕೆಲಸ ಬೇಕಿತ್ತು. ನನಗೆ ನೆನಪಾದದ್ದು ದೊಡ್ಡಪ್ಪನ ಮಂಡಿನೋವು.

ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ. ಕಿರುಗಾವಲಿನಿಂದ ಸ್ವಲ್ಪ ಒಳಗಿರುವ ನಮ್ಮೂರಿನ ನೀರುಗಂಟಿ. ನಾಲೆಯ ನೀರು ಊರ ಕಾಲುವೆಗೆ ಬಂದ ಮೇಲೆ ಯಾವ ದಿನ ಯಾರ ಗದ್ದೆಗೆ ತಿರುಗಬೇಕು ಎನ್ನುವುದನ್ನು ನೋಡಿಕೊಳ್ಳುವುದು ಅವನ ಕೆಲಸ. ಹಿಂದೆ ನಮ್ಮ ತಾತನೂ ಇದನ್ನೇ ಮಾಡುತ್ತಿದ್ದ. ಸೋಮವಾರ ನಾಲ್ಕು ಮನೆಯವರ ಪಾಳಿ, ಮಂಗಳವಾರ ಇನ್ನು ನಾಲ್ಕು ಮನೆಯವರದು, ಹೀಗೆ ವಾರಕ್ಕೆ ಇಪ್ಪತ್ತೆಂಟು ಮನೆ. ಭಾಗವಾದವರು, ಗದ್ದೆ ಮಾರಿದವರು, ತಂಗಿಗೆ ಬಿಟ್ಟುಕೊಟ್ಟವರು, ಎಲ್ಲರ ಪಾಳಿಯೂ ದೊಡ್ಡಪ್ಪನ ತಲೆಯಲ್ಲಿ ಮಾತ್ರ ಇತ್ತು.

ಅದೇ ತೊಂದರೆಯಾಗಿತ್ತು. ಎರಡೂ ಮಂಡಿಗಳ ಸವಕಲಿನಿಂದ ಅವನಿಗೆ ಕಾಲುವೆ ಏರಿ ಹತ್ತುವುದೇ ಕಷ್ಟವಾಗಿತ್ತು. ಮಂಡ್ಯದ ಡಾಕ್ಟರು ಆಪರೇಷನ್ ಆಗಲೇಬೇಕು, ಎರಡು ತಿಂಗಳು ಗದ್ದೆ ಕಡೆ ತಲೆ ಹಾಕಬಾರದು ಎಂದಿದ್ದರು. ದೊಡ್ಡಪ್ಪ ಎರಡು ಸಲ ದಿನ ಗೊತ್ತು ಮಾಡಿಸಿ ಎರಡು ಸಲವೂ ಹೋಗಲಿಲ್ಲ. ದೊಡ್ಡಮ್ಮ ನನ್ನ ಮುಂದೆ ಅತ್ತಳು. ಇನ್ನೊಂದು ವರ್ಷ ಹೀಗೇ ಬಿಟ್ಟರೆ ನಡೆಯುವುದೇ ನಿಂತುಹೋಗುತ್ತದೆ ಎಂದು ಡಾಕ್ಟರು ಅವಳಿಗೆ ಹೇಳಿದ್ದರು.

ಒಂದು ಭಾನುವಾರ ನಾನು ಊರಿಗೆ ಹೋಗಿ, ಬುದ್ಧನ ಪಟದ ಕೆಳಗೆ ಕಾಲು ಚಾಚಿ ಕೂತಿದ್ದ ದೊಡ್ಡಪ್ಪನಿಗೆ ಮಾತು ಕೊಟ್ಟೆ.

"ಪಾಳಿನೆಲ್ಲ ಮೊಬೈಲ್‌ಗೆ ಆಕ್ಬುಡ್ತೀನಿ ದೊಡ್ಡಪ್ಪ. ಯಾರೂ ನಿನ್ನ ಕೇಳೋಂಗೇ ಇಲ್ಲ. ನೀನು ಆಪರೇಸನ್‌ಗೆ ನಡಿ."

"ಆಕು ನೋಡವಾ. ಎಲ್ಡು ವಾರ ಸರ್ಯಾಗಿ ನಡೀಲಿ, ನಾನೇ ಬಂದು ಮಂಚದ ಮ್ಯಾಲೆ ಮನೀಕತೀನಿ," ಎಂದ. ನಂಬಿಕೆಯೇನೂ ಇರಲಿಲ್ಲ ಅವನಿಗೆ. ಆದರೂ ಅಂದೇ ಕೂತು ಇಪ್ಪತ್ತೆಂಟು ಮನೆಯ ಪಾಳಿಯನ್ನೂ ಒಂದೇ ಉಸಿರಿಗೆ ಹೇಳಿದ. ನಾನು ಬರೆದುಕೊಳ್ಳುವುದರಲ್ಲಿ ಹಿಂದೆ ಬಿದ್ದೆ.

ಫ್ರೇಮ್‌ವರ್ಕ್‌ನ ಮೊದಲ ಪುಟದಲ್ಲಿ, ಐದೇ ನಿಮಿಷದಲ್ಲಿ ನಿಮ್ಮ ಮೊದಲ ಆಪು ಸಿದ್ಧ ಎಂದು ದೊಡ್ಡದಾಗಿ ಬರೆದಿತ್ತು. ನನಗೆ ಹಿಡಿದದ್ದು ನಾಲ್ಕು ದಿನ. ಮೊದಲನೆಯ ದಿನ ಅದು ನನ್ನ ಲ್ಯಾಪ್‌ಟಾಪಿನಲ್ಲಿ ಇಳಿಯಲೇ ಇಲ್ಲ. ಇಳಿಯಬೇಕಾದರೆ ಇನ್ನೊಂದು ಬೇಕಂತೆ, ಆ ಇನ್ನೊಂದಕ್ಕೆ ಮತ್ತೊಂದರ ಹಳೆಯ ಆವೃತ್ತಿಯೇ ಬೇಕಂತೆ, ನನ್ನ ಹತ್ತಿರ ಇರುವುದು ಹೊಸದಂತೆ. ಎರಡನೆಯ ದಿನ ಇಳಿಯಿತು, ಆದರೆ ಏಳಲಿಲ್ಲ. ಪರದೆಯ ತುಂಬ ಕೆಂಪು ಸಾಲುಗಳು. ನಲವತ್ತು ಸಾಲು ಓದಿದರೆ ಕೊನೆಯಲ್ಲಿ, ಏನೋ ತಪ್ಪಾಗಿದೆ ಎಂದಿತ್ತು. ಏನೋ ತಪ್ಪಾಗಿದೆ ಎನ್ನುವುದು ನನಗೆ ಮೊದಲೇ ಗೊತ್ತಿತ್ತು ತಾಯಿ, ಏನು ಎಂದು ಹೇಳು ಎಂದು ರೈಲಿನಲ್ಲಿ ಜೋರಾಗಿಯೇ ಅಂದುಬಿಟ್ಟೆ. ಎದುರಿಗೆ ಕಡಲೆಕಾಯಿ ಬಿಡಿಸುತ್ತಿದ್ದ ಹೆಂಗಸು ಸ್ವಲ್ಪ ಸರಿದು ಕೂತರು.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನನಗೆ ಬಂದ ತೊಂದರೆಯೇ ಅಕ್ಷರ ಬಿಡದೆ ಇನ್ನೊಬ್ಬನಿಗೂ ಬಂದಿತ್ತು. ಕುಣಿದಾಡುವಷ್ಟು ಖುಷಿಯಾಯಿತು. ಅವನು ಕೇಳಿದ ಪ್ರಶ್ನೆಯ ಕೆಳಗೆ ಅವನದೇ ಉತ್ತರವೂ ಇತ್ತು: ಪರವಾಗಿಲ್ಲ, ಸರಿಹೋಯಿತು. ಅಷ್ಟೇ. ಹೇಗೆ ಸರಿಹೋಯಿತು ಎಂದು ಒಂದು ಸಾಲು ಬರೆಯಲು ಆ ಪುಣ್ಯಾತ್ಮನಿಗೆ ಕೈ ಬರಲಿಲ್ಲ. ಆವತ್ತು ಅವನಿಗೆ ನಾನು ಹಾಕಿದ ಶಾಪವನ್ನು ಇಲ್ಲಿ ಬರೆಯಲಾರೆ.

ಕೊನೆಗೆ ಸಿಕ್ಕಿದ ತಪ್ಪು ನನ್ನದೇ. ಒಂದು ಫೋಲ್ಡರಿಗೆ ಪ್ರೀತಿಯಿಂದ ಕನ್ನಡದಲ್ಲಿ ಹೆಸರಿಟ್ಟಿದ್ದೆ, ಆ ಚೌಕಟ್ಟಿಗೆ ಅದು ಓದಲು ಬರುತ್ತಿರಲಿಲ್ಲ. ಹೆಸರು ಬದಲಾಯಿಸಿದ ಕೂಡಲೇ ಎಲ್ಲ ಎದ್ದು ನಿಂತಿತು. ಇದನ್ನು ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ಇಂಟರ್ನೆಟ್ಟಿನಲ್ಲೂ ಬರೆಯಲಿಲ್ಲ.

ಅಂತೂ ಆಪು ಸಿದ್ಧವಾಯಿತು. ತೆರೆದರೆ ಮೇಲೆ ವಾರ, ಅದರ ಕೆಳಗೆ ಆ ದಿನದ ಪಾಳಿಯವರ ಹೆಸರು ದೊಡ್ಡ ಅಕ್ಷರದಲ್ಲಿ. ಬೇರೇನೂ ಇಲ್ಲ. ಊರಿನವರ ಫೋನುಗಳಿಗೆಲ್ಲ ಹಾಕಿಕೊಟ್ಟೆ. ಎರಡು ವಾರ ದೊಡ್ಡಪ್ಪ ಕೋಲೂರಿಕೊಂಡು ಕಾಲುವೆಗೆ ಹೋಗಿ, ಆಪು ಹೇಳಿದ್ದನ್ನೂ ತನ್ನ ತಲೆಯಲ್ಲಿದ್ದುದನ್ನೂ ತಾಳೆ ನೋಡಿದ. ಒಂದು ದಿನವೂ ತಪ್ಪಲಿಲ್ಲ. ಮೂರನೆಯ ಸಲ ಆಪರೇಷನ್ನಿಗೆ ದಿನ ಗೊತ್ತಾಯಿತು. ದೊಡ್ಡಮ್ಮ ಫೋನು ಮಾಡಿ, ನಿನ್ನ ಕೈಗೆ ಚಿನ್ನದ ಬಳೆ ಹಾಕಬೇಕು ಕಣೇ ಎಂದಳು. ನಾನು ಬೀಗಿದೆ.

ಬೀಗಿದವಳು ಸುಮ್ಮನಿರಬೇಕಿತ್ತು. ಒಂದು ಮಂಗಳವಾರ ಬೆಳಗಿನ ಐದು ಗಂಟೆಗೆ ಡಬ್ಬಿಗೆ ಚಿತ್ರಾನ್ನ ಕಲಸುತ್ತಾ, ಹಾಗೇ ಸುಮ್ಮನೆ ಆಪು ತೆರೆದೆ. ಮೇಲೆ ಸೋಮವಾರ ಎಂದಿತ್ತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಸೋಮವಾರವೇ. ಸ್ನಾನ ಮಾಡಿ ಬಂದು ನೋಡುವಷ್ಟರಲ್ಲಿ ಮಂಗಳವಾರ ಆಗಿತ್ತು.

ರೈಲಿನಲ್ಲಿ ಕೂತು ಕೆದಕಿದಾಗ ಗೊತ್ತಾಯಿತು, ಈ ಫ್ರೇಮ್‌ವರ್ಕ್ ಹೊತ್ತನ್ನು ನಮ್ಮ ಗಡಿಯಾರದಿಂದ ತೆಗೆದುಕೊಳ್ಳುತ್ತಲೇ ಇರಲಿಲ್ಲ. ನಾವು ಬೇರೆ ಹೇಳದಿದ್ದರೆ ಅದು ಜಗತ್ತಿಗೆಲ್ಲ ಒಂದೇ ಎಂದು ಇಟ್ಟುಕೊಂಡಿರುವ, ನಮಗಿಂತ ಐದೂವರೆ ಗಂಟೆ ಹಿಂದಿರುವ ಗಡಿಯಾರವನ್ನು ನೋಡುತ್ತದೆ. ಅಂದರೆ ಮಂಡ್ಯದಲ್ಲಿ ಬೆಳಗಿನ ಐದೂವರೆ ಆಗುವವರೆಗೂ ಅದರ ಪಾಲಿಗೆ ಹಿಂದಿನ ದಿನವೇ. ಎಂಥ ಹುಡುಗಾಟದ ತಪ್ಪು! ಹದಿನೈದು ವರ್ಷದ ಅನುಭವ ಇಟ್ಟುಕೊಂಡು ಇದನ್ನು ನೋಡಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆಪರೇಷನ್ನಿಗೆ ಇನ್ನು ಎಂಟೇ ದಿನ ಇತ್ತು.

ಸರಿಪಡಿಸಲು ಹೊರಟರೆ ಒಂದು ಕಡೆ ಭಾರತದ ಸಮಯ ಎಂದು ಹೇಳಿದರೆ ಇನ್ನೊಂದು ಕಡೆ ಅದು ಮರೆಯುತ್ತಿತ್ತು. ಮೂರು ಜಾಗದಲ್ಲಿ ಹೇಳಿದ ಮೇಲೆ, ಈ ಸೌಲಭ್ಯ ಹೊಸ ಆವೃತ್ತಿಯಲ್ಲಿ ಮಾತ್ರ ಎಂದಿತು. ಹೊಸ ಆವೃತ್ತಿ ಹಾಕಿಕೊಂಡರೆ ಅಕ್ಷರಗಳೆಲ್ಲ ಸಣ್ಣಗಾದವು. ಅದನ್ನೂ ಸರಿ ಮಾಡಿದೆ. ಆರು ದಿನ ಹಿಡಿಯಿತು. ಸೋಮವಾರ ಸಂಜೆ ಎಲ್ಲರ ಫೋನಿಗೂ ಹೊಸ ಆಪು ಕಳಿಸಿ, ಗೆದ್ದೆ ಎಂದು ಗಂಡನ ಮುಂದೆ ಕೈ ಎತ್ತಿದೆ.

ಮಂಗಳವಾರ ಬೆಳಿಗ್ಗೆ ದೊಡ್ಡಪ್ಪನ ಫೋನು ಬಂತು. ಹಿಂದೆ ಯಾರೋ ಕೂಗಾಡುತ್ತಿದ್ದುದು ಕೇಳಿಸುತ್ತಿತ್ತು.

"ಏನವ್ವಾ ಮಾಡ್ಬುಟ್ಟೆ? ಸ್ವಾಮಾರದ ಕಡೇ ಪಾಳಿಯವ್ನ ಗದ್ದೆ ತುಂಬ್ಲೇ ಇಲ್ಲ, ಮಂಗ್ಳಾರದ ಮೊದ್ಲುನವ್ನು ಅರ್ಧ ರಾತ್ರಿಗೇ ಗುದ್ಲಿ ಸನ್ಕೆ ತಕಂಡೋಗಿ ತಿರುಗ್ಸ್ಕಂಡವ್ನೆ. ಕೇಳುದ್ರೆ ಆಪಲ್ಲಿ ನನ್ನೆಸ್ರು ಬಂತು ಅಂತನೆ!"

"ಬಂದಿರ್ತದೆ ದೊಡ್ಡಪ್ಪ. ಹನ್ನೆರಡು ಗಂಟೆ ಆದ್ಮೇಲೆ ಮಂಗಳವಾರ ತಾನೆ?"

ಹಿಂದಿನ ಕೂಗಾಟ ದೂರವಾಯಿತು, ದೊಡ್ಡಪ್ಪ ಈಚೆ ಸರಿದು ಬಂದಿದ್ದ. ಆಮೇಲೆ ಮೆಲ್ಲಗೆ, "ನಾಳೆ ಆಸ್ಪತ್ರೆಗೆ ಬರಾಕಿಲ್ಲ ಅಂತ ಏಳ್ಬುಡವ್ವ," ಎಂದು ಫೋನು ಇಟ್ಟ.

ಆಫೀಸಿಗೆ ರಜೆ ಹೇಳಿ ಮಳವಳ್ಳಿ ಬಸ್ಸು ಹತ್ತಿದೆ. ಅಲ್ಲಿಂದ ಕಿರುಗಾವಲು ಬಸ್ಸು, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ನನಗೆ ಸಿಟ್ಟೇ. ಕ್ಯಾಲೆಂಡರ್ ಗೊತ್ತಿಲ್ಲದ ಜನರಿಗೆ ಆಪು ಮಾಡಿಕೊಟ್ಟೆನಲ್ಲ ಎಂದು ಸಿಟ್ಟು. ಊರು ತಲುಪಿದಾಗ ದೊಡ್ಡಪ್ಪ ಕಾಲುವೆ ಏರಿಯ ಮೇಲೆ ಕಾಲು ನೀಡಿಕೊಂಡು ಕೂತಿದ್ದ. ಎರಡೂ ಮಂಡಿ ಊದಿದ್ದವು. ಅದನ್ನು ನೋಡಿದ ಮೇಲೆ ಸಿಟ್ಟು ಎಲ್ಲಿ ಹೋಯಿತೋ.

ಪಕ್ಕದಲ್ಲಿ ಕೂತು ಕೇಳಿದೆ. "ದೊಡ್ಡಪ್ಪ, ಸೋಮವಾರ ಯಾವಾಗ ಮುಗೀತದೆ?"

ಅವನು ನನ್ನನ್ನು ಪೆದ್ದಿಯನ್ನು ನೋಡಿದ ಹಾಗೆ ನೋಡಿದ. "ಬೆಳಕರುದ್ಮೇಲೆ. ಇನ್ಯಾವಾಗವ್ವ ಮುಗುದದು?"

"ಬೆಳಕು ಹರಿಯೋದು ಅಂದ್ರೆ ಎಷ್ಟು ಗಂಟೆಗೆ?"

"ಗಂಟೆ ಯಾರ್ ನೋಡರು? ಅಂಗೈ ಗೆರೆ ಕಣ್ಗೆ ಕಾಣಾ ಒತ್ಗೆ ಮಡೆ ಬುಟ್ಕೊಡ್ಬೇಕು. ನಮ್ಮಪ್ಪನ್ ಕಾಲ್ದಿಂದ್ಲೂ ಅದೇ ಕಾನೂನು. ಸ್ವಾಮಾರ ರಾತ್ರಿ ಅಂದ್ರೆ ಸ್ವಾಮಾರುದ್ದೇ ರಾತ್ರಿ. ಅದ ನಡೂಮದ್ಯ ಕುಯ್ದು ಮಂಗ್ಳಾರದವ್ನಿಗೆ ಯಾಕವ್ವ ಕೊಟ್ಟೆ?"

ಮಡೆ ಎಂದರೆ ಕಾಲುವೆಯಿಂದ ಗದ್ದೆಗೆ ನೀರು ತಿರುಗಿಸುವ ಬಾಯಿ. ಈಗ ಈ ಬೇಸಿಗೆಯಲ್ಲಿ ಅಂಗೈ ಗೆರೆ ಕಾಣುವುದು ಎಷ್ಟು ಹೊತ್ತಿಗಿರಬಹುದು ಎಂದು ಲೆಕ್ಕ ಹಾಕಿದೆ. ಸುಮಾರು ಐದೂವರೆ. ಎರಡು ವಾರ ಆ ಆಪು ತಪ್ಪಾಗಿ ನಡೆದಿರಲಿಲ್ಲ. ಆ ತಪ್ಪು ಗಡಿಯಾರ ನಮ್ಮೂರಿನ ಲೆಕ್ಕಕ್ಕೆ ಸರಿಯಾಗಿ ಐದೂವರೆಗೇ ದಿನ ಬದಲಾಯಿಸುತ್ತಿತ್ತು. ಇದನ್ನು ಬರೆದವರಿಗೂ ಗೊತ್ತಿಲ್ಲದೆ, ನನಗೂ ಗೊತ್ತಿಲ್ಲದೆ, ಅದು ನೀರುಗಂಟಿಯ ಕಾನೂನು ಪಾಲಿಸಿತ್ತು. ಆರು ದಿನ ಕಷ್ಟಪಟ್ಟು ಕೆಡಿಸಿದವಳು ನಾನು. ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ, ಸೋಮವಾರ ರಾತ್ರಿ ಎಂದು ನಾನೂ ಸಾವಿರ ಸಲ ಅಂದಿದ್ದೇನೆ, ಆದರೆ ಲ್ಯಾಪ್‌ಟಾಪು ತೆರೆದ ಕೂಡಲೇ ಅದೆಲ್ಲ ನನಗೆ ಮರೆತುಹೋಗಿತ್ತು. ಏರಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಯಾಕವ್ವ, ಗಾಳಿಗೀಳಿ ಮೆಟ್ಕತಾ?" ಎಂದ ದೊಡ್ಡಪ್ಪ.

"ಚಳಿಗಾಲದಲ್ಲಿ ಬೆಳಕು ಇನ್ನೂ ತಡ ಆಗ್ತದಲ್ಲ, ಆಗೇನು ಮಾಡ್ತೀರಿ?"

"ಅರ್ಧ ಗಂಟೆ ಅತ್ಲಾಗಿತ್ಲಾಗೆ ಅವ್ರವ್ರೇ ಅನ್ಸುರುಸ್ಕತರೆ. ಅಷ್ಟಕ್ಕೂ ನಿನ್ ಆಪು ಬೇಕಾ?"

ಹಳೆಯದನ್ನೇ ಮತ್ತೆ ಹಾಕೋಣವೆಂದರೆ ಆಗಲಿಲ್ಲ. ಹೊಸ ಆವೃತ್ತಿ ಹಿಂದಕ್ಕೆ ಹೋಗಲು ಒಪ್ಪಲಿಲ್ಲ. ದಿನ ಎಂದರೆ ನಡುರಾತ್ರಿಗೇ ಶುರುವಾಗಬೇಕು ಎಂದು ಅದರ ಹಟ, ಬೆಳಕಿಗೇ ಶುರುವಾಗಬೇಕು ಎಂದು ನನ್ನ ಹಟ. ದೊಡ್ಡಮ್ಮ ಹಾಕಿಕೊಟ್ಟ ಮುದ್ದೆ ತಟ್ಟೆಯಲ್ಲೇ ಆರುತ್ತಿತ್ತು. ಕೊನೆಗೆ ಹೊಳೆದದ್ದು ಒಂದೇ ಸಾಲು: ನಮ್ಮ ಗಡಿಯಾರದಲ್ಲಿ ಎಷ್ಟಾಗಿದೆಯೋ ಅದರಿಂದ ಐದೂವರೆ ಗಂಟೆ ಕಳೆ, ಆಮೇಲೆ ವಾರ ಕೇಳು. ಆ ಸಾಲಿನ ಮೇಲೆ, ಮುಂದೆ ಕೋಡ್ ನೋಡುವವರಿಗೆಂದು, ಇದು ತಪ್ಪಲ್ಲ, ಯಾರೂ ಸರಿಮಾಡಬೇಡಿ ಎಂದು ಕನ್ನಡದಲ್ಲೇ ಬರೆದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಫೋನಿಗೂ ಹೋಯಿತು. ಸೋಮವಾರದವನಿಗೆ ಕಳೆದುಹೋದ ಹೊತ್ತನ್ನು ಮಂಗಳವಾರದವನು ಅಂದೇ ಬಿಟ್ಟುಕೊಟ್ಟ. ಇನ್ನೊಂದು ಬೆಳಗು ನೋಡಿಯೇ ಹೊರಡುತ್ತೇನೆ ಎಂದ ದೊಡ್ಡಪ್ಪ ಬುಧವಾರ ನಸುಕಿಗೇ ಏರಿಗೆ ಹೋಗಿ ನಿಂತ. ಮಡೆ ತಿರುಗಿದ ಹೊತ್ತಿಗೇ ಹೆಸರೂ ಬದಲಾಯಿತು. "ನಡಿಯವ್ವ ಓಗಮ," ಎಂದ.

ಆಪರೇಷನ್ ಚೆನ್ನಾಗಿ ಆಯಿತು. ನಾನು ದಿನಾ ಆಫೀಸು ಬಿಟ್ಟ ಮೇಲೆ ಆಸ್ಪತ್ರೆಗೆ ಹೋಗುತ್ತಿದ್ದೆ. ಮೊದಲ ಎರಡು ದಿನ ನೋವಿನಲ್ಲಿದ್ದ. ಮೂರನೆಯ ದಿನದಿಂದ ಫೋನನ್ನು ಎದೆಯ ಮೇಲಿಟ್ಟುಕೊಂಡು ಮಲಗಿರುತ್ತಿದ್ದ. ಐದನೆಯ ದಿನವೂ ಹಾಗೆಯೇ ಇದ್ದ, ಮಾತು ಕಡಿಮೆ, ಇಡ್ಲಿ ಅರ್ಧಕ್ಕೇ ಬಿಟ್ಟಿದ್ದ. ನೋವಾ ಎಂದು ಕೇಳಿದೆ.

"ಇಲ್ಲ ಕಣವ್ವ. ಒಬ್ರೂ ಪೋನ್ ಮಾಡ್ನಿಲ್ಲ."

"ಊರಲ್ಲಿ ಏನೂ ಜಗಳ ಇಲ್ಲ ದೊಡ್ಡಪ್ಪ. ಪಾಳಿ ಸರಿಯಾಗಿ ನಡೀತಾ ಅದೆ."

"ನಡೀತದೆ ಅಂತ ನಂಗೂ ಗೊತ್ತು ಬುಡು," ಎಂದು ಗೋಡೆ ಕಡೆ ತಿರುಗಿಕೊಂಡ.

ಇಷ್ಟು ದಿನ ನಾನು ಹೆಣಗಿದ್ದೆಲ್ಲ ಯಾರೂ ಅವನನ್ನು ಕೇಳದ ಹಾಗೆ ಮಾಡಲು. ಅದು ಸರಿಯಾಗಿಯೇ ಆಗಿತ್ತು. ನನಗೆ ಕಣ್ಣು ತುಂಬಿ ಬಂತು. ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪು ತೆಗೆದು, ಪಾಳಿಯವರ ಹೆಸರಿನ ಕೆಳಗೆ ಒಂದು ಹಸಿರು ಗುಂಡಿ ಹಾಕಿದೆ: ಅನುಮಾನ ಇದ್ದರೆ ನೀರುಗಂಟಿಯವರನ್ನು ಕೇಳಿ. ಒತ್ತಿದರೆ ನೇರವಾಗಿ ದೊಡ್ಡಪ್ಪನಿಗೆ ಫೋನು. ಆಶ್ಚರ್ಯವೆಂದರೆ ಆ ದಿನ ಫ್ರೇಮ್‌ವರ್ಕ್ ಒಂದೇ ಒಂದು ಕೆಂಪು ಸಾಲು ತೋರಿಸಲಿಲ್ಲ.

ಮಾರನೆಯ ಸಂಜೆ ನಾನು ಹೋದಾಗ ದೊಡ್ಡಪ್ಪ ದಿಂಬಿಗೆ ಒರಗಿ ಕೂತು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ. "ಲೇ, ಆಪಲ್ಲಿ ನಿನ್ನೆಸ್ರೇ ಅದಲ್ಲೋ, ಕಣ್ಣಿಲ್ವಾ? ಆಪರೇಸನ್ ಆದವ್ನ ಮಲಗಾಕ್ಕೂ ಬುಡಾಕಿಲ್ವಲ್ಲ ನೀವು! ಬೆಳ್ಗಿಂದ ಇದು ಏಳ್ನೇ ಪೋನು ಕಣ್ಲಾ!" ಇಡ್ಲಿಯ ತಟ್ಟೆ ಖಾಲಿಯಾಗಿತ್ತು. ನನಗೆ ಕೂತುಕೋ ಎಂದು ಕೈಸನ್ನೆ ಮಾಡಿ, ಅವನಿಗೆ ಗದ್ದೆಯ ವಿಷಯ ಹೇಳುತ್ತಾ ಇನ್ನೂ ಅರ್ಧ ಗಂಟೆ ಮಾತಾಡಿದ.