ಅಂಗಡಿಯ ಅತ್ರಾಸ

ನಾನು ಶಿರಸಿಯ ಶಾಲೆಗೆ ವರ್ಗವಾಗಿ ಬಂದ ವರ್ಷ, ನವರಾತ್ರಿ ರಜೆಯ ಮುಂಚಿನ ದಿನ ಒಬ್ಬೊಬ್ಬರೂ ಮನೆಯಲ್ಲಿ ಮಾಡಿದ ಒಂದೊಂದು ಸಿಹಿ ತರಬೇಕೆಂದು ಶಿಕ್ಷಕಿಯರೆಲ್ಲ ಮಾತಾಡಿಕೊಂಡರು. ಕೋಲಸಿರ್ಸಿಯ ನಮ್ಮ ಮನೆಯಲ್ಲಿ ಇದನ್ನು ಹೇಳಿದ್ದೇ ತಡ, ಅವ್ವ ಅಕ್ಕಿ ನೆನೆಹಾಕಿಬಿಟ್ಟಳು.

"ಅತ್ರಾಸ ಮಾಡಿಕೊಡ್ತೆ. ಅಕ್ಕೋರೆಲ್ಲ ತಿನ್ನೂದು, ಹೆಂಗೆಂಗೋ ಮಾಡೂಕಾಗೂದಿಲ್ಲ."

ನಮ್ಮದು ಗದ್ದೆ ಮಾಡುವ ಮನೆ. ಓದಿ ಅಕ್ಕೋರು ಅನ್ನಿಸಿಕೊಂಡವಳು ನಾನೇ ಮೊದಲು. ಆ ಹೆಮ್ಮೆ ಅವ್ವನಿಗೆ ನನಗಿಂತ ಹೆಚ್ಚು. ಅಕ್ಕಿಯನ್ನು ನೆರಳಲ್ಲಿ ಹರಡಿ, ಪಸೆ ಇರುವಾಗಲೇ ಒರಳಿಗೆ ಹಾಕಿ ಕುಟ್ಟಿದಳು. ಮಿಕ್ಸಿ ಇದೆಯಲ್ಲ ಎಂದರೆ ಕೇಳಲಿಲ್ಲ. ಭುಜದ ನೋವಿಗೆ ಮಧ್ಯೆ ಮಧ್ಯೆ ನಿಲ್ಲಿಸಿ, ಕೈ ಬದಲಿಸಿ ಮತ್ತೆ ಕುಟ್ಟಿದಳು. ಆ ಹಿಟ್ಟನ್ನು ಬೆಲ್ಲದ ಪಾಕದಲ್ಲಿ ಕಲಸಿ, ತಟ್ಟಿ ಎಣ್ಣೆಯಲ್ಲಿ ಕರಿದಳು.

ಶಾಲೆಯಲ್ಲಿ ನನ್ನ ಸ್ಟೀಲ್ ಡಬ್ಬಿಯಿಂದ ಎಲ್ಲರೂ ಒಂದೊಂದು ಅತ್ರಾಸ ತೆಗೆದುಕೊಂಡರು. ಯಾರೂ ತಿನ್ನಲಿಲ್ಲ. "ಹೊಟ್ಟೆ ತುಂಬಿಹೋಗಿದೆ, ಮನೆಗೆ ಹೋಗಿ ತಿಂತೇನೆ" ಎಂದು ಕಾಗದದಲ್ಲಿ ಸುತ್ತಿಟ್ಟುಕೊಂಡರು. ಆಮೇಲೆ ಒಬ್ಬರ ಚಿರೋಟಿ ಇನ್ನೊಬ್ಬರು ತಿಂದರು. ಸಂಜೆ ಕೈತೊಳೆಯಲು ನಳದ ಹತ್ತಿರ ಹೋದೆ. ಅಲ್ಲಿನ ಕಸದ ಬುಟ್ಟಿಯಲ್ಲಿ ಆ ಕಾಗದದ ಪೊಟ್ಟಣಗಳು ಸುತ್ತಿದ ಹಾಗೇ ಬಿದ್ದಿದ್ದವು.

ಕಾರಣ ಯಾರೂ ಹೇಳಬೇಕಾಗಿರಲಿಲ್ಲ. ಚಿಕ್ಕವಳಿದ್ದಾಗಲೇ ಅದನ್ನು ಕಲಿತಿದ್ದೆ. ಮೇಲ್ಜಾತಿಯ ಮನೆಗಳಿಗೆ ಅವ್ವ ಕುಟ್ಟಿಕೊಟ್ಟ ಅವಲಕ್ಕಿ ಆಗುತ್ತಿತ್ತು, ನಮ್ಮ ಜಾತಿಯವರು ಬೇಯಿಸಿದ್ದು ಆಗುತ್ತಿರಲಿಲ್ಲ. ಆದರೆ ಇದು ಈ ಕಾಲದ ಶಾಲೆ, ಮೊಬೈಲಿನಲ್ಲಿ ನಾವೆಲ್ಲ ಒಂದೇ ಗುಂಪಿನಲ್ಲಿದ್ದವರು.

"ಎಲ್ಲ ಖಾಲಿ ಆತಾ?" ಎಂದು ಕೇಳಿದ ಅವ್ವ ಡಬ್ಬಿ ತೆರೆದು ನೋಡಿ ನಕ್ಕಳು. ಹೌದು ಎಂದೆ.

ಮರುವರ್ಷ ಅವಳು ಮಾಡಿಕೊಟ್ಟ ಅತ್ರಾಸವನ್ನು ನಾನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ಮಿಠಾಯಿ ಅಂಗಡಿಯವರ ಹಾಗೆ ದಾರ ಕಟ್ಟಿದೆ. "ಮನೆಯಲ್ಲಿ ಮಾಡಲು ಪುರಸೊತ್ತಾಗಲಿಲ್ಲ, ಯಲ್ಲಾಪುರದ ಅಂಗಡಿಯಿಂದ ತರಿಸಿದೆ" ಎಂದೆ. ಎಲ್ಲರೂ ಅಲ್ಲೇ ತಿಂದರು. ನನ್ನ ಪಕ್ಕದ ಕುರ್ಚಿಯ ಹಿರಿಯ ಶಿಕ್ಷಕಿ ಬೆರಳು ಚೀಪಿಕೊಂಡು, "ಎಷ್ಟು ಮೆತ್ತಗಿದೆ! ಮುಂದಿನ ಸಲ ನಮ್ಮನೆಗೂ ತರಿಸಿಕೊಡಿ" ಎಂದರು. ನನಗೆ ಅವಮಾನವಾಗಬೇಕಿತ್ತು. ನಿಜ ಹೇಳಬೇಕೆಂದರೆ ಸಂತೋಷವೇ ಆಯಿತು. ಮೂರನೆಯ ವರ್ಷವೂ ಹಾಗೆಯೇ ಮಾಡಿದೆ.

ಆ ಚಳಿಗಾಲದಲ್ಲಿ ಕಣ್ಣು ತೋರಿಸಲು ಶಿರಸಿಗೆ ಬಂದ ಅವ್ವ ನನಗಾಗಿ ಕಾಯುತ್ತ ಶಿಕ್ಷಕರ ಕೋಣೆಯಲ್ಲಿ ಕೂತಿದ್ದಳು. ನಾನು ತರಗತಿ ಮುಗಿಸಿ ಒಳಗೆ ಬರುವ ಹೊತ್ತಿಗೆ ಆ ಹಿರಿಯ ಶಿಕ್ಷಕಿ ಅವಳಿಗೆ ಚಹಾ ಕೊಟ್ಟು ಮಾತಾಡಿಸುತ್ತಿದ್ದರು.

"ಅಮ್ಮಾ, ಯಲ್ಲಾಪುರದ ಅಂಗಡಿ ಅತ್ರಾಸ ನಿಮಗೂ ಕೊಡ್ತಾರೋ ಇಲ್ವೋ ನಿಮ್ಮ ಮಗಳು? ನಮಗಂತೂ ವರ್ಷ ವರ್ಷ ತರ್ತಾರೆ."

ಅವ್ವ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು. ಆಮೇಲೆ ಚಹಾದ ಲೋಟ ಕೆಳಗಿಟ್ಟು, "ಕೊಡ್ತದೆ ಅಕ್ಕೋರೇ. ಆ ಅಂಗಡಿದು ಚೊಲೋ ಇರ್ತದೆ" ಎಂದಳು.

ಮನೆಗೆ ಬಂದು ಸೀರೆ ಬದಲಿಸಿದ ಮೇಲೆ ನಾನೇ ಬಾಯಿಬಿಟ್ಟೆ. ಕಸದ ಬುಟ್ಟಿಯ ಕತೆಯನ್ನೂ ಹೇಳಿದೆ.

"ಅವ್ರು ಬಿಸಾಕಿದ್ರೆ ಬಿಸಾಕ್ಲಿ. ಅಂಥದ್ದು ನಾನು ಕಾಣದ್ದಾ?" ಎಂದಳು. "ನನ್ನ ಕೈಯೇ ಇಲ್ಲದಂಗೆ ಮಾಡಿದ್ಯಲೇ ನೀನು."

ಎರಡು ದಿನ ಬಿಟ್ಟು ಶಾಲೆಯಲ್ಲಿ ಎಲ್ಲರ ಎದುರಿಗೆ ಹೇಳಿದೆ: ಅದು ಯಾವ ಅಂಗಡಿಯದೂ ಅಲ್ಲ, ನನ್ನ ಅವ್ವ ಮಾಡಿದ್ದು. ಹಿರಿಯ ಶಿಕ್ಷಕಿ, "ಅಯ್ಯೋ, ಮೊದಲೇ ಹೇಳೋದಲ್ವಾ! ಈಗೆಲ್ಲ ಯಾರು ಅದನ್ನ ನೋಡ್ತಾರೆ?" ಎಂದರು. ಉಳಿದವರು ತಲೆಯಾಡಿಸಿದರು. ಮುಂದಿನ ನವರಾತ್ರಿಗೆ, ಮನೆಯಲ್ಲಿ ಮಾಡಲು ಯಾರಿಗೂ ಸಮಯವಿಲ್ಲವೆಂದು, ಎಲ್ಲರ ಪರವಾಗಿ ಅಂಗಡಿಯ ಪೇಢೆ ತರಿಸುವುದೆಂದಾಯಿತು.

ಅವ್ವ ನನಗೆ ಮತ್ತೆ ಅತ್ರಾಸ ಮಾಡಿಕೊಡಲಿಲ್ಲ. ಕೇಳಿದರೆ ಭುಜ ನೋಯುತ್ತದೆ ಎನ್ನುತ್ತಾಳೆ. ನೋವಿರುವುದು ಸುಳ್ಳಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ನೆರೆಮನೆಯ ಹುಡುಗಿಯ ಮದುವೆಗೆ ಅವಳೇ ಹೋಗಿ, ಒಲೆಯ ಮುಂದೆ ಕೂತು ಬುಟ್ಟಿಗಟ್ಟಲೆ ಅತ್ರಾಸ ಕರಿದುಕೊಟ್ಟಳು. ಅದು ನನಗೆ ಗೊತ್ತಾದದ್ದು ಮದುವೆಯ ಪಂಕ್ತಿಯಲ್ಲಿ, ಬಾಯಿಗೆ ಇಟ್ಟ ಮೇಲೆ. ಬಡಿಸುವವರು ಇನ್ನೊಂದು ಹಾಕಲಾ ಎಂದು ಕೇಳಿದರು. ನಾನು ತಲೆ ಎತ್ತದೆ ಎಲೆಯಲ್ಲಿ ಖಾಲಿ ಜಾಗ ತೋರಿಸಿದೆ.