ತಂಗಿಯ ಮನೆಯ ನಾಲ್ಕು ಲೈಟು

ನಂಜನಗೂಡಿನ ನಮ್ಮ ಮನೆಯಲ್ಲಿ ಸಂಜೆಯ ಮೊದಲ ಲೈಟು ಹಾಕುವವಳು ಅವ್ವ. ಸ್ವಿಚ್ಚು ಒತ್ತಿ, ಬಲ್ಬಿನ ಕಡೆ ತಿರುಗಿ ಕೈ ಮುಗಿಯುತ್ತಾಳೆ. ಮಿಕ್ಕ ಹೊತ್ತಿನಲ್ಲಿ ಯಾರು ಬೇಕಾದರೂ ಹಾಕಬಹುದಿತ್ತು, ನನ್ನ ತಂಗಿಯೊಬ್ಬಳನ್ನು ಬಿಟ್ಟು.

ತಂಗಿಗೆ ಈಗ ನಲವತ್ತೊಂದು. ಚಿಕ್ಕಂದಿನ ಪೋಲಿಯೊ ಅವಳ ಎರಡೂ ಕಾಲಿನ ಬಲ ತೆಗೆದುಕೊಂಡಿತು. ಎರಡು ಊರುಗೋಲಿನ ಮೇಲೆ ನಡೆಯುತ್ತಾಳೆ, ಹಜಾರದಲ್ಲಿ ಮೋಟರಿನ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಬಚ್ಚಲಿನ ಸ್ವಿಚ್ಚಿಗೆ ಕೈ ಚಾಚಲೆಂದು ಒಂದು ಊರುಗೋಲನ್ನು ಗೋಡೆಗೆ ಒರಗಿಸಿದಳು. ಅದು ಜಾರಿತು. ಬಿದ್ದು ಎಡಗೈ ಮಣಿಕಟ್ಟು ಮುರಿಯಿತು. ಊರುಗೋಲು ಹಿಡಿದು ನಡೆಯುವವರಿಗೆ ಕೈ ಮುರಿದರೆ ಕಾಲು ಮುರಿದಂತೆಯೇ. ತಿಂಗಳುಗಟ್ಟಲೆ ಮಂಚ ಬಿಟ್ಟು ಇಳಿಯಲಾಗಲಿಲ್ಲ. ಅವತ್ತಿನಿಂದ ಮನೆಯಲ್ಲೊಂದು ಕಟ್ಟಪ್ಪಣೆ: ಅವಳು ಸ್ವಿಚ್ಚಿನ ಹತ್ತಿರ ಹೋಗಕೂಡದು. ಬೇಕಾದಾಗ ಕೂತಲ್ಲಿಂದಲೇ "ಲೈಟು" ಎನ್ನುತ್ತಿದ್ದಳು, ಯಾರಾದರೂ ಎದ್ದು ಹಾಕುತ್ತಿದ್ದರು. ದಿನಕ್ಕೆ ಎಷ್ಟು ಸಲ ಆ ಮಾತು ಆಡುತ್ತಿದ್ದಳೆಂದು ನಾನು ಎಣಿಸಿರಲಿಲ್ಲ. ಅವಳು ಎಣಿಸಿದ್ದಳು.

ಕಳೆದ ವರ್ಷ ಅವಳ ಗೆಳತಿಯಿಂದ ಫೋನು ಬಂತು. ಗೆಳತಿಗೆ ತಿ. ನರಸೀಪುರದಲ್ಲಿ ಹೊಲಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಗಂಡನಿಗೆ ಹಾಸನಕ್ಕೆ ವರ್ಗವಾಗಿತ್ತು. "ಗಿರಾಕಿ ಸಮೇತ ಬಿಟ್ಟು ಹೋಗ್ತಿದ್ದೀನಿ, ಬಂದು ಕೂತ್ಕೊ. ಎರಡು ತಿಂಗಳು ಕಾಯ್ತೀನಿ, ಆಮೇಲೆ ಬೇರೆಯವರಿಗೆ ಕೊಡ್ತೀನಿ" ಎಂದಳಂತೆ. ತಂಗಿ ಫೋನು ಇಟ್ಟವಳೇ, "ನಾನು ಹೋಗ್ತೀನಿ" ಎಂದಳು.

ಅವ್ವ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಓಗವ್ವ, ಓಗು. ಅಲ್ಲಿ ಕೂತ್ಕಂಡು ಲೈಟು ಅಂದ್ರೆ ಯಾರೆದ್ದಾರು? ಬೀದಿ ನಾಯಿ ಏಳ್ತದಾ?"

ತಂಗಿ ಮಿಷನ್ನಿಗೆ ದಾರ ಪೋಣಿಸತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಅವ್ವನೇ, "ನಾನೂ ಬತ್ತೀನಿ ಬುಡು, ನಿನ್ ಜೊತೇಲೇ ಇದ್ಬುಡ್ತೀನಿ" ಎಂದಳು.

"ನೀನು ಬಂದ್ರೆ ಇಲ್ಲಿದ್ದಂಗೇ ಆಯ್ತದೆ ಕಣವ್ವ," ಎಂದಳು ತಂಗಿ.

ಅಡುಗೆ, ನೀರು, ಗಿರಾಕಿ, ಯಾವುದರ ಮೇಲೂ ಅವ್ವನಿಗೆ ತಕರಾರು ಇರಲಿಲ್ಲ. ಇಡೀ ವಾದ ಬಂದು ನಿಂತದ್ದು ನಾಲ್ಕು ಲೈಟಿನ ಮೇಲೆ: ಹೊರಬಾಗಿಲಿನದು, ಮುಂದಿನ ಕೋಣೆಯದು, ಮಲಗುವ ಕೋಣೆಯದು, ಬಚ್ಚಲಿನದು. ಅವನ್ನು ತಂಗಿ ತಾನೇ ಹಾಕುವಂತಾದರೆ ಹೋಗಬಹುದು. ಇಲ್ಲವಾದರೆ ಇಲ್ಲ.

ನಾನು ಪತ್ರಿಕೆಯ ವರದಿಗಾರ. ಎರಡು ಕಡೆಯಿಂದ ಖಾತ್ರಿಯಾಗದ ಸುದ್ದಿಯನ್ನು ಕಳಿಸಬಾರದೆಂದು ಕಲಿತು ಬೆಳೆದವನು. ಫೋನಿನಲ್ಲೇ ಲೈಟು ಹಾಕುವ ಸ್ವಿಚ್ಚುಗಳಿವೆ ಎಂದು ಗೊತ್ತಿತ್ತು. ಅವನ್ನು ನಂಬಬಹುದೇ ಎಂಬುದು ಗೊತ್ತಿರಲಿಲ್ಲ. ಮೈಸೂರಿನ ಮೂರು ಅಂಗಡಿ ಸುತ್ತಿದೆ. ಗೋಡೆಯ ಮೇಲೆ ಗಾಜಿನಂತೆ ಹೊಳೆಯುವ ಟಚ್ ಬೋರ್ಡು ಒಂದಕ್ಕೆ ಐದು ಸಾವಿರದ ಆಸುಪಾಸು. ಹಳೆಯ ಸ್ವಿಚ್ಚನ್ನೇ ಉಳಿಸಿಕೊಂಡು ಬೋರ್ಡಿನ ಒಳಗೆ ಕೂರಿಸುವ ಬೆಂಕಿಪೊಟ್ಟಣದಷ್ಟು ದೊಡ್ಡ ಮಾಡ್ಯೂಲು ಸಾವಿರದ ಚಿಲ್ಲರೆ. ಕೆಟ್ಟರೆ ಏನು ಮಾಡುತ್ತೀರಿ ಎಂದು ಮೂರು ಕಡೆಯೂ ಕೇಳಿದೆ. ಇಬ್ಬರು, ಕೆಡುವುದೇ ಇಲ್ಲ ಎಂದರು. ಮೂರನೆಯವನು, "ಒಂದು ವರ್ಷ ಬದಲಾಯಿಸಿ ಕೊಡ್ತೀವಿ, ಆಮೇಲೆ ನಿಮ್ಮದು" ಎಂದ. ಅವನ ಹತ್ತಿರ ನಾಲ್ಕು ಮಾಡ್ಯೂಲು ಕೊಂಡೆ.

ಮೊದಲು ನಮ್ಮ ಮನೆಯಲ್ಲೇ ನಾಲ್ಕು ವಾರ ಪರೀಕ್ಷೆ. ಒಂದು ನೋಟ್‌ಬುಕ್ಕು ಇಟ್ಟೆ: ಯಾವಾಗ ಒತ್ತಿದ್ದು, ಉರಿಯಿತೇ, ಇಲ್ಲವಾದರೆ ಯಾಕೆ. ಮೊದಲ ದಿನ ಹಿತ್ತಲಲ್ಲಿ ನಿಂತು ಫೋನಿನ ಮೇಲೆ ಬೆರಳಿಟ್ಟೆ. ಒಳಗೆ ಹಜಾರದ ಲೈಟು ಹತ್ತಿ, ತಂಗಿ ಕಿರುಚಿದ್ದು ಕೇಳಿಸಿತು. ಹೆದರಿಕೆಯ ಕಿರುಚಲ್ಲ. ಆಮೇಲೆ ಫೋನು ಅವಳ ಕೈಗೆ ಹೋಯಿತು. ಮಿಷನ್ನಿನ ಮುಂದೆ ಕೂತು ಆರಿಸಿದಳು, ಹಾಕಿದಳು, ಆರಿಸಿದಳು. ಅವ್ವ ಅಡುಗೆಮನೆಯಿಂದ, "ಬಲ್ಬು ಸುಟ್ಟೋಯ್ತದೆ ಕಣೇ, ಬುಡು" ಎನ್ನುವ ತನಕ ನಿಲ್ಲಿಸಲಿಲ್ಲ.

ಆಳು ಅಲುಗಾಡಿದರೆ ತಾನೇ ಹತ್ತುವ ಸೆನ್ಸರನ್ನೂ ಒಂದು ವಾರ ಹಾಕಿ ನೋಡಿದೆವು. ತಂಗಿ ಕೈಹೊಲಿಗೆಗೆ ಕೂತರೆ ಸೂಜಿ ಬಿಟ್ಟು ಬೇರೇನೂ ಅಲುಗುವುದಿಲ್ಲ. ಐದು ನಿಮಿಷಕ್ಕೆ ಕತ್ತಲೆ. ಅವಳು ಊರುಗೋಲು ಎತ್ತಿ ಬಲ್ಬಿನ ಕಡೆ ಬೀಸಿ, "ನಾನಿನ್ನೂ ಇದ್ದೀನಿ ಕಣಪ್ಪ!" ಎಂದು ಕೂಗುತ್ತಿದ್ದಳು. ಸೆನ್ಸರನ್ನು ಬಿಚ್ಚಿ ಇಟ್ಟೆ.

ನಾಲ್ಕು ವಾರದ ಕೊನೆಗೆ ನೋಟ್‌ಬುಕ್ಕಿನಲ್ಲಿ ಹನ್ನೊಂದು ಸೋಲಿತ್ತು. ಒಂಬತ್ತು ಸಲ ಒಂದೇ ಕಾರಣ: ಕರೆಂಟು ಹೋಗಿ ಬಂದಾಗ ಬಲ್ಬು ಸಿದ್ಧವಾಗಿದ್ದರೂ ವೈಫೈ ಡಬ್ಬಿ ಎದ್ದು ಕೂರಲು ಎರಡು ಮೂರು ನಿಮಿಷ ಬೇಕು. ಅದಕ್ಕೆ ಸಣ್ಣದೊಂದು ಬ್ಯಾಟರಿ ಜೋಡಿಸಿದ ಮೇಲೆ ಆ ಸೋಲು ನಿಂತಿತು. ಒಂದು ಸಲ ಫೋನಿನಲ್ಲೇ ಚಾರ್ಜ್ ಇರಲಿಲ್ಲ. ಇನ್ನೊಂದರ ಕಾರಣ ತಿಳಿಯಲಿಲ್ಲ; ತಿಳಿಯಲಿಲ್ಲ ಎಂದೇ ಬರೆದಿಟ್ಟೆ. ಕರೆಂಟೇ ಇಲ್ಲದ ಹೊತ್ತಿಗೆಂದು, ಹೋದ ಕೂಡಲೇ ತನ್ನ ಬ್ಯಾಟರಿಯಲ್ಲಿ ಉರಿಯುವ ಬಲ್ಬುಗಳನ್ನು ಕೊಂಡೆ. ನನಗೆ ಧೈರ್ಯ ಬಂತು.

ತಿ. ನರಸೀಪುರದಲ್ಲಿ ಸಿಕ್ಕ ಎಲೆಕ್ಟ್ರಿಷಿಯನ್ ಐವತ್ತು ದಾಟಿದವನು. ಸೋಸಲೆಯ ಸುತ್ತಿನ ಗದ್ದೆಗಳಲ್ಲಿ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಕೂರಿಸಿ ಪಳಗಿದ ಕೈ. ನನ್ನ ಮಾಡ್ಯೂಲನ್ನು ಅಂಗೈಯಲ್ಲಿ ತಿರುಗಿಸಿ ನೋಡಿದ.

"ಇದ್ಯಾಕೆ ಸಾ? ಮನೇಲಿರೋ ಲೈಟ್ಗೆ ಇಂಟರ್‌ನೆಟ್ ಯಾಕೆ? ಕಾರ್ ಕೀ ತರುದ್ದು ರಿಮೋಟು ಬತ್ತದೆ, ಸಾವ್ರದೊಳಗೆ ಮುಗ್ದೋಯ್ತದೆ."

"ಅದು ಹಳೇದಲ್ವಾ?"

"ಅಳೇದೇ. ಅದ್ಕೇ ಏಳ್ತಿರೋದು."

ನಾನು ಕಿವಿಗೊಡಲಿಲ್ಲ. ನಾಲ್ಕು ವಾರದ ದಾಖಲೆ ನನ್ನ ಚೀಲದಲ್ಲಿತ್ತು. ಅವನು ಭುಜ ಕುಣಿಸಿ, ಮೇನ್ ಆಫ್ ಮಾಡಿ ಬೋರ್ಡು ಬಿಚ್ಚಿದ. ಮುಂದಿನ ಕೋಣೆಯಲ್ಲಿ ತೊಂದರೆ ಇರಲಿಲ್ಲ. ಬಚ್ಚಲಿನ ಬೋರ್ಡು ತೆರೆದವನೇ ನಕ್ಕ.

"ನ್ಯೂಟ್ರಲ್ ವೈರೇ ಇಲ್ವಲ್ಲ ಸಾ. ಅಳೇ ಮನೆ. ಬೋರ್ಡಿಗೆ ಒಂದೇ ವೈರು ಬಂದು ವಾಪಸ್ ಓಯ್ತದೆ. ಸುಚ್ಚಿಗಾದ್ರೆ ಅದೇ ಸಾಕು. ಈ ಡಬ್ಬಿ ಬದುಕ್ಬೇಕಲ್ಲ, ಇದ್ಕೆ ಎರಡೂ ಬೇಕು."

ಹೊಸ ವೈರು ಎಳೆಯಬೇಕು. ಗೋಡೆಯೊಳಗಿನ ಪೈಪಿನಲ್ಲಿ ಎಳೆಯುವ ತಂತಿ ಅರ್ಧಕ್ಕೆ ಹೋಗಿ ನಿಂತಿತು. ಗೋಡೆ ಒಡೆಯಲು ಮಾಲೀಕರು ಒಪ್ಪುವುದಿಲ್ಲವೆಂದು ಗೆಳತಿ ಮೊದಲೇ ಹೇಳಿದ್ದಳು. ಎಲೆಕ್ಟ್ರಿಷಿಯನ್ ಏಣಿಯ ಮೇಲೆ, ನಾನು ಕೆಳಗೆ, ತಂಗಿ ಬಾಗಿಲಲ್ಲಿ ಊರುಗೋಲಿನ ಮೇಲೆ. ಅವನು ವೈರಿಗೆ ಸೋಪು ಸವರಿದ, ತಿರುಗಿಸಿದ, ಬೈದ, ಮತ್ತೆ ತಳ್ಳಿದ. ಆ ಕಡೆಯ ತೂತಿನಿಂದ ಕರಿ ವೈರಿನ ತುದಿ ಹಾವಿನ ತಲೆಯಂತೆ ಹೊರಬಂದಾಗ ತಂಗಿ, "ಬಂತು! ಬಂತು ಕಣಣ್ಣ!" ಎಂದು ಕೂಗಿದ ಕೂಗಿಗೆ ಪಕ್ಕದ ಜೆರಾಕ್ಸ್ ಅಂಗಡಿಯವರು ಎದ್ದು ಬಂದರು.

ಸಂಜೆ ಐದಕ್ಕೆ ಕೆಲಸ ಮುಗಿಯಿತು. ನಾಲ್ಕೂ ಲೈಟು ಫೋನಿಗೆ ಉರಿದವು. ಕತ್ತಲಾಗುವ ತನಕ ಕಾದು, ತಂಗಿ ನಿಜವಾಗಿ ಮನೆಗೆ ಬರುವಂತೆ ಬರಲಿ ಎಂದು ಅವಳನ್ನು ಬೀದಿಗೆ ಕಳಿಸಿದೆವು. ಹೆಗಲಿಗೆ ಬ್ಯಾಗು, ಬ್ಯಾಗಿನಲ್ಲಿ ಫೋನು, ಎರಡು ಕೈಯಲ್ಲಿ ಎರಡು ಊರುಗೋಲು. ಓಣಿಯಲ್ಲಿ ಟಕ್ ಟಕ್ ಎಂದು ಬಂದು ಹೊಸ್ತಿಲ ಮುಂದೆ ನಿಂತಳು. ನಿಂತೇ ಇದ್ದಳು.

"ಹಾಕು," ಎಂದೆ.

"ಅಣ್ಣಾ," ಎಂದಳು, "ಫೋನು ಯಾವ ಕೈಲಿ ಹಿಡ್ಕಳ್ಲಿ?"

ಎಲೆಕ್ಟ್ರಿಷಿಯನ್ ಬೀಡಿ ಕೆಳಗೆ ಹಾಕಿ ತುಳಿದ. ಫೋನು ತೆಗೆಯಬೇಕಾದರೆ ಒಂದು ಊರುಗೋಲನ್ನು ಗೋಡೆಗೆ ಒರಗಿಸಬೇಕು. ಅಂದು ಬಚ್ಚಲ ಮುಂದೆ ಆದದ್ದೂ ಅದೇ. ನಂಜನಗೂಡಿನಲ್ಲಿ ಅವಳು ಫೋನು ಒತ್ತಿದ್ದೆಲ್ಲ ಕೂತು. ನಡೆಯುವಾಗ ಯಾರಾದರೂ ಮೊದಲೇ ಲೈಟು ಹಾಕಿರುತ್ತಿದ್ದರು. ಅಂಗಡಿಯವರನ್ನು, ವೈಫೈಯನ್ನು, ಬ್ಯಾಟರಿಯನ್ನು ವಿಚಾರಿಸಿದ ನಾನು ಈ ಸುದ್ದಿ ಯಾರದಾಗಿತ್ತೋ ಅವಳ ಎರಡು ಕೈಯನ್ನು ವಿಚಾರಿಸಿರಲಿಲ್ಲ.

"ನಂಗೂ ಹೊಳೀಲಿಲ್ಲ ಕಣಣ್ಣ," ಎಂದಳು, ನನ್ನ ಮುಖ ನೋಡಿ. ಆಮೇಲೆ ಎಲೆಕ್ಟ್ರಿಷಿಯನ್ ಕಡೆ ತಿರುಗಿ, "ಅದೇನೋ ಕಾರ್ ಕೀ ಅಂದ್ರಲ್ಲ, ಎಷ್ಟು ದಪ್ಪ ಅದೆ ಅದು?" ಎಂದು ಕೇಳಿದಳು.

ಅವನು ಹೆಬ್ಬೆರಳು ತೋರಿಸಿದ. "ಇಷ್ಟೇ ಕಣವ್ವ. ನಾಕು ಬಟನ್ನು."

"ನಾಳೆ ತನ್ನಿ."

ಮಾರನೆಯ ದಿನ ಅವನು ಬೋರ್ಡುಗಳಿಂದ ನನ್ನ ಮಾಡ್ಯೂಲುಗಳನ್ನು ಬಿಚ್ಚಿ ರಿಮೋಟಿನ ಡಬ್ಬಿಗಳನ್ನು ಕೂರಿಸಿದ. "ನೀವು ಎಳ್ಸಿದ್ ವೈರು ದಂಡ ಆಗ್ಲಿಲ್ಲ ಬುಡಿ ಸಾ, ಇದ್ಕೂ ಅದೇ ಬೇಕು," ಎಂದು ಸಮಾಧಾನ ಮಾಡಿದ. ಇಂಟರ್‌ನೆಟ್ಟಿಲ್ಲ, ಎದ್ದು ಕೂರಲು ಕಾಯಬೇಕಾದ್ದೂ ಇಲ್ಲ. ಗೋಡೆಯ ಸ್ವಿಚ್ಚೂ ಮೊದಲಿನಂತೆ ಕೆಲಸ ಮಾಡುತ್ತದೆ. ಒಂದು ವ್ಯತ್ಯಾಸ ಮಾತ್ರ. "ಮ್ಯಾಲಿದ್ರೆ ಆಫು, ಕೆಳಗಿದ್ರೆ ಆನು ಅನ್ನೋ ಲೆಕ್ಕ ಇನ್ಮೇಲಿಲ್ಲ ಕಣವ್ವ. ಉರೀತಿದ್ದಾಗ ಒತ್ತಿದ್ರೆ ಆರ್ತದೆ, ಆರಿದ್ದಾಗ ಒತ್ತಿದ್ರೆ ಉರೀತದೆ, ಅಷ್ಟೇಯ."

ತಂಗಿ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ರಿಮೋಟನ್ನು ಬಲಗಡೆ ಊರುಗೋಲಿನ ಹಿಡಿಯ ಮೇಲಿಟ್ಟು, ಮುಷ್ಟಿ ಬಿಗಿದು, ಹೆಬ್ಬೆರಳು ಎಲ್ಲಿಗೆ ಬರುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಳು. ರವಿಕೆಗೆ ಅಳತೆ ತೆಗೆದುಕೊಳ್ಳುವ ಅದೇ ಮುಖ. ಅಂಗಡಿಯಲ್ಲಿದ್ದ ರೆಕ್ಸಿನ್ ಚೂರೊಂದನ್ನು ಕತ್ತರಿಸಿ, ನಾಲ್ಕು ಬಟನ್ನಿಗೆ ನಾಲ್ಕು ತೂತು ಮಾಡಿ, ಅಂಚಿಗೆ ಎಲಾಸ್ಟಿಕ್ ಹೊಲಿದು, ಹಿಂದೆ ಎರಡು ಟಿಚ್ ಬಟನ್ ಹಾಕಿದಳು. ಮೊದಲನೆಯದು ಸಡಿಲವಾಯಿತು. ಎರಡನೆಯದು ಹಿಡಿಗೆ ಚರ್ಮದಂತೆ ಕೂತಿತು. ಹೊರಬಾಗಿಲಿನ ಬಟನ್ನು ನೋಡದೆಯೇ ತಿಳಿಯಲೆಂದು ಅದರ ಸುತ್ತ ಒರಟು ದಾರದಲ್ಲಿ ಕಾಜ ಹೊಲಿದಳು. ಇದಕ್ಕೆಲ್ಲ ಮುಕ್ಕಾಲು ಗಂಟೆ.

ಊರುಗೋಲು ಊರಿ ಎದ್ದು ನಿಂತಳು. ಒಂದು ಹೆಜ್ಜೆ, ಎರಡು ಹೆಜ್ಜೆ. ಹೆಬ್ಬೆರಳು ಒತ್ತಿತು. ಬಚ್ಚಲಿನ ಲೈಟು ಹತ್ತಿತು. ಹಿಡಿ ಬಿಟ್ಟಿರಲಿಲ್ಲ, ಗೋಡೆ ಮುಟ್ಟಿರಲಿಲ್ಲ. ಎಲೆಕ್ಟ್ರಿಷಿಯನ್ ಮೊದಲು ಚಪ್ಪಾಳೆ ಹೊಡೆದ, ಆಮೇಲೆ ನಾನು. ಅವಳು ಮನೆಯೆಲ್ಲ ಮೂರು ಸುತ್ತು ಬಂದಳು, ಹೋದಲ್ಲೆಲ್ಲ ಹಾಕುತ್ತ, ಆರಿಸುತ್ತ.

"ಇನ್ನೊಂದು ರಿಮೋಟು ತಂದಿಡಿ," ಎಂದಳು ಅವನಿಗೆ. "ಇದು ಕೆಟ್ರೆ?"

"ಇದ್ರಲ್ಲಿರೋ ಸೆಲ್ಲು ತಿಂಗ್ಳುಗಟ್ಲೆ ಬತ್ತದೆ."

"ಬರ್ಲಿ. ಆದ್ರೂ ಇನ್ನೊಂದು ಬೇಕು. ಎಡಗೈಗೆ."

ವರದಿಗಾರ ನಾನಾಗಿದ್ದೆ, ಕೇಳಬೇಕಾದ ಪ್ರಶ್ನೆ ಕೇಳಿದವಳು ಅವಳು.

ತಂಗಿ ಅಲ್ಲೇ ಉಳಿದಳು. ಭಾನುವಾರ ಅವ್ವ ನನ್ನ ಜೊತೆ ಅಲ್ಲಿಗೆ ಬಂದಳು. ಕೈಯಲ್ಲಿ ಬಟ್ಟೆ ತುಂಬಿದ ಚೀಲ. ಯಾಕೆಂದು ಕೇಳಿದ್ದಕ್ಕೆ, "ನಿಮ್ಮ್ ಲೈಟಿನ ಮಿಷನ್ನು ಕೈ ಕೊಟ್ರೆ ನಾನಿರ್ಬೇಕಲ್ಲಪ್ಪ" ಎಂದಳು. ನಾಲ್ಕು ಸೀರೆ ತಂದಿದ್ದಳು.

ನಾವು ಇಳಿಯುವ ಹೊತ್ತಿಗೆ ಮಬ್ಬುಗತ್ತಲು. ತಂಗಿ ಅಂಗಡಿಯ ಷಟರು ಎಳೆಸಿ ಓಣಿಯ ಬಾಯಲ್ಲಿ ಕಾಯುತ್ತಿದ್ದಳು. "ನೀವಿಬ್ರೂ ಹಿಂದೆ ಬನ್ನಿ," ಎಂದು ಮುಂದೆ ನಡೆದಳು. ಮನೆ ಕಪ್ಪಗೆ ನಿಂತಿತ್ತು. ಅವ್ವ ನನ್ನ ತೋಳು ಹಿಡಿದಳು. "ನೀನಾರೂ ಓಗಿ ಲೈಟಾಕೋ, ಬಿದ್ದಾಳು."

ನಾನು ಹೋಗಲಿಲ್ಲ. ಟಕ್, ಟಕ್. ಬಾಗಿಲಿಗೆ ಇನ್ನೂ ಆರು ಹೆಜ್ಜೆ ಇತ್ತು. ತಂಗಿ ನಿಲ್ಲಲಿಲ್ಲ, ತಡೆಯಲಿಲ್ಲ. ಹೊರಬಾಗಿಲಿನ ಲೈಟು ಹತ್ತಿತು; ಮೆಟ್ಟಿಲು, ಹೊಸ್ತಿಲು, ಅವಳು ಬೆಳಿಗ್ಗೆ ಹಾಕಿಸಿದ್ದ ರಂಗೋಲಿ, ಎಲ್ಲ ಕಂಡವು. ಇನ್ನೊಂದು ಹೆಜ್ಜೆಗೆ ಒಳಗಿನ ಕಿಟಕಿ ಬೆಳಗಿತು.

ಅವ್ವ ನಿಂತಲ್ಲೇ ಕೈ ಮುಗಿದಳು. ಚೀಲ ಮೊಳಕೈಯಿಂದ ಜೋತಾಡುತ್ತಿತ್ತು.

ಒಳಗೆ ಹೋದ ಮೇಲೆ ಆದದ್ದು ಅಭ್ಯಾಸಬಲ. ಸಂಜೆ ಮನೆಯೊಳಗೆ ಕಾಲಿಟ್ಟ ಕೂಡಲೇ ಅವ್ವನ ಕೈ ತಾನಾಗಿ ಬೋರ್ಡಿಗೆ ಹೋಯಿತು. ಒತ್ತಿದಳು. ಕೋಣೆ ಕತ್ತಲಾಯಿತು.

"ಅಯ್ಯೋ ಶಿವನೇ, ಏನಾಯ್ತು!"

ಕತ್ತಲಲ್ಲಿ ತಂಗಿಯ ನಗು. ಲೈಟು ಮತ್ತೆ ಬಂತು. ಅವಳು ಕೋಣೆಯ ನಡುವೆ ಎರಡೂ ಊರುಗೋಲಿನ ಮೇಲೆ ನೆಟ್ಟಗೆ ನಿಂತಿದ್ದಳು.

"ಸ್ವಿಚ್ಚು ಮುಟ್ಬೇಡ ಕಣವ್ವ," ಎಂದಳು. "ಕೂತ್ಕೊ. ಬೇಕಾದ್ರೆ ಲೈಟು ಅನ್ನು, ನಾನು ಹಾಕ್ತೀನಿ."

ಅವ್ವ ಅವಳನ್ನು ನೋಡಿದಳು, ಊರುಗೋಲಿನ ಹಿಡಿಯನ್ನು ನೋಡಿದಳು, ಹತ್ತಿರ ಹೋಗಿ ರೆಕ್ಸಿನ್ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಕಾಜ ಚೆನ್ನಾಗ್ ಬಂದದೆ," ಎಂದಷ್ಟೇ ಹೇಳಿದಳು. ಆಮೇಲೆ ಕಾಫಿ ಕುಡಿದಳು, ಡಬ್ಬಿಗಳನ್ನೆಲ್ಲ ತೆರೆದು ನೋಡಿದಳು, ಬೇಳೆ ಸಾಲದು ಎಂದಳು. ಚೀಲ ಮಾತ್ರ ಬಾಗಿಲ ಪಕ್ಕದಲ್ಲಿ ಇಟ್ಟಂತೆಯೇ ಇತ್ತು, ಬಾಯಿ ಬಿಚ್ಚಿರಲಿಲ್ಲ.

ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ನಂಜನಗೂಡಿಗೆ ಬಸ್ಸು ಎಷ್ಟೊತ್ತಿಗ್ಲಾ?"